ಬರವಣಿಗೆಯ ಮಣೆಯೊಡನೆ ಕೂಡಲಸಂಗಮಕ್ಕೆ

ಯಾತ್ರೆಗೆ ಹೊರಡುವವನು ಮನೆಯ ಕೆಲಸವನ್ನು ಮನೆಯಲ್ಲಿಯೇ ಬಿಟ್ಟು ಹೊರಡಬೇಕೆಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಹೊಲವನ್ನು ತಮ್ಮನಿಗೆ ಒಪ್ಪಿಸಿ, ದನಕರುಗಳನ್ನು ನೆರೆಮನೆಯವರಿಗೆ ವಹಿಸಿ, ಬುತ್ತಿ ಕಟ್ಟಿಕೊಂಡು ಹೊರಟರೆ ಮರಳಿ ಬರುವವರೆಗೆ ಅವರಿಗೆ ಬೇರೆ ಚಿಂತೆಯಿರುತ್ತಿರಲಿಲ್ಲ. ಅರುವತ್ತು ದಾಟುವವರೆಗೆ ನಾನೂ ಅದೇ ಅಭಿಪ್ರಾಯದವನಾಗಿದ್ದೆ. ಆದರೆ ಆ ಪದ್ಧತಿಯನ್ನು ಬಿಗಿಯಾಗಿ ಹಿಡಿದುದರಿಂದ ನಾನು ಯಾತ್ರೆಯನ್ನೇ ಮಾಡದವನಾದೆನೆಂಬ ಸಂಗತಿ ಬಹುಕಾಲ ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಬೆಳೆ ಕೊಯ್ದ ಮೇಲೆ ಹೊಲದ ಕೆಲಸಕ್ಕೆ ಬಿಡುವುಂಟು; ಗ್ರಂಥಸಂಪಾದನೆಯ ಕೆಲಸಕ್ಕೆ ಅಂಥ ಸುಗ್ಗಿಯೆಂಬುದಿಲ್ಲ.

ನನ್ನ ಅಕ್ಕನಿಗೆ ಈಗ ಎಪ್ಪತ್ತನಾಲ್ಕು ವರ್ಷ. ಕೂಡಲಸಂಗಮವನ್ನು ಇನ್ನೊಮ್ಮೆ ಕಾಣಬೇಕೆಂಬುದು ಆಕೆಯ ಬಯಕೆ. ಮೂರು ವರ್ಷಗಳಿಂದ ಆಕೆ ಕೇಳುತ್ತಲೇ ಇದ್ದಳು. ನಾನು ಮುಂದೂಡುತ್ತಲೇ ಇದ್ದೆ. ತಾಡೋಲೆಯಿಂದ ಪಾಠ ಸಂಗ್ರಹಿಸಿದ ಒಂದು ಹಳೆಯ ಕೃತಿಯ ಮುದ್ರಣಕಾರ್ಯ ನಡೆದಿತ್ತು; ಕರಡಚ್ಚು ತಿದ್ದುವ ಹೊಣೆ ನನ್ನದು. ಒಂದು ವರ್ಷ ಪಾಠಾಂತರಗಳ ಪಟ್ಟಿ ಅಡ್ಡ ಬಂದಿತು, ಮರುವರ್ಷ ಪೀಠಿಕೆ ಅಡ್ಡ ಬಂದಿತು. ಕಳೆದ ಕಾರ್ತಿಕದಲ್ಲಿ ಆಕೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಸಿಟ್ಟಿಲ್ಲದ ದನಿಯಲ್ಲಿ ಒಂದು ಮಾತು ಹೇಳಿದಳು: “ತಮ್ಮಾ, ಕೆಲಸ ಮುಗಿದ ಮ್ಯಾಲೆ ಹೋಗೂಣು ಅಂತೀ. ನಿನ್ನ ಕೆಲಸ ಮುಗಿಯೂದ್ರಾಗ ನಾನೇ ಮುಗದಿರ್ತೀನಿ.”

ಆ ದಿನ ಆಕೆಯ ಮಗನೂ ಅಲ್ಲಿದ್ದ. ಬೆಂಗಳೂರಿನ ಒಂದು ಕಂಪನಿಯ ನೌಕರ. 2020ರ ಕೊರೊನಾ ಕಾಲದಲ್ಲಿ ಕಂಪನಿಗಳು ಕೆಲಸವನ್ನು ಮನೆಗೇ ಕಳಿಸಿದವಷ್ಟೆ; ಇವನ ಕೆಲಸ ಅಂದಿನಿಂದ ಬಹುಪಾಲು ಮನೆಯಿಂದಲೇ ನಡೆಯುತ್ತಿದೆ. ಅವನಿಗೂ ರಜೆಯ ಅಭಾವ. “ಮಾಮಾ, ಕೆಲಸ ಬಿಟ್ಟು ಹೋಗೂದು ಆಗಂಗಿಲ್ಲ ಅಂದ್ರ, ಕೆಲಸಾನೂ ಕರಕೊಂಡು ಹೋಗೂಣು” ಎಂದ. ಮೊದಲು ನನಗೆ ಇದು ಒಗ್ಗಲಿಲ್ಲ. ದೇವರ ಮುಂದೆ ಕುಳಿತು ಅಂಗಡಿಯ ಲೆಕ್ಕ ಬರೆದಂತಾಗುವುದಿಲ್ಲವೇ ಎಂದು ಕೇಳಿದೆ. ಅವನು ಉತ್ತರಿಸಲಿಲ್ಲ. ರಾತ್ರಿ ಮಲಗಿದಾಗ ನನ್ನ ಪ್ರಶ್ನೆಗೆ ನನ್ನ ವಿದ್ಯಾರ್ಥಿದೆಸೆಯೇ ಉತ್ತರ ಕೊಟ್ಟಿತು.

ಮಠದ ಪಾಠಶಾಲೆಯಲ್ಲಿ ನಾವು ನೆಲದ ಮೇಲೆ ಚಾಪೆ ಹಾಸಿಕೊಂಡು ಓದಿದವರು. ಮುಂದೆ ವ್ಯಾಸಪೀಠ, ಅದರ ಮೇಲೆ ಗ್ರಂಥ. ಪೂಜ್ಯರು ಊರೂರಿಗೆ ಹೊರಟಾಗ ಹಿರಿಯ ವಿದ್ಯಾರ್ಥಿಗಳು ಜೊತೆಗೆ ಹೋಗುತ್ತಿದ್ದರು; ತಂಗಿದ ಊರಿನಲ್ಲಿ, ಯಾರದೋ ಮನೆಯ ಪಡಸಾಲೆಯಲ್ಲಿ, ಪಾಠ ಎಂದಿನ ಹೊತ್ತಿಗೆ ನಡೆಯುತ್ತಿತ್ತು. ತಾಡೋಲೆಯ ಕಟ್ಟಿನಷ್ಟು ಸುಲಭವಾಗಿ ಹೊತ್ತೊಯ್ಯಬಹುದಾದ ವಿದ್ಯಾಸಾಧನ ಇನ್ನೊಂದಿರಲಿಲ್ಲ. ಎರಡು ಹಲಗೆಗಳ ನಡುವೆ ಗರಿಗಳು, ರಂಧ್ರದಲ್ಲಿ ದಾರ, ಮೇಲೊಂದು ವಸ್ತ್ರ. ಬರೆಯುವವನಿಗೆ ಮೇಜೂ ಬೇಡ. ಗರಿಯನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನ ಆಸರೆಯಿಂದ ಕಬ್ಬಿಣದ ಕಂಟವನ್ನು ನಡೆಸಿದರಾಯಿತು. ಮಸಿಯನ್ನು ಆಮೇಲೆ ಬಿಡುವಾದಾಗ ತೊಡೆಯಬಹುದು. ಇಂಥ ಕಟ್ಟುಗಳನ್ನು ಅರಸಿ ಮನೆಮನೆಗೆ ಅಲೆದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದವರು. ಆ ಅಲೆದಾಟದ ಫಲವಾಗಿ 1923ರಲ್ಲಿ ವಚನಶಾಸ್ತ್ರಸಾರ ಬೆಳಕು ಕಂಡಿತು. ಕೆಲಸವನ್ನು ಹೊತ್ತು ತಿರುಗುವುದು ನಮಗೆ ಹೊಸತೇನಲ್ಲ. ನಾನು ಮರೆತಿದ್ದೆ, ಅಷ್ಟೆ.

ಪೂಜ್ಯರ ಒಂದು ಕಟ್ಟಪ್ಪಣೆ ಮಾತ್ರ ಇಲ್ಲಿ ಹೇಳಬೇಕು. ಪಾಠ ಮುಗಿದ ಕ್ಷಣವೇ ಕಟ್ಟನ್ನು ಕಟ್ಟಿಡಬೇಕು. “ಈಗ ಬಂದೆ” ಎಂದು ಗರಿಗಳನ್ನು ಬಿಚ್ಚಿಟ್ಟು ಎದ್ದುಹೋದ ವಿದ್ಯಾರ್ಥಿಗೆ ಅಂದಿನ ಊಟ ತಡವಾಗುತ್ತಿತ್ತು. ಎಣ್ಣೆ, ನೀರು, ಸಡಿಲವಾದ ಕಟ್ಟು, ಈ ಮೂರರಿಂದ ತಮ್ಮ ಶ್ರಮವನ್ನು ಕಾಪಾಡಿರೆಂದು ಲಿಪಿಕಾರರು ಗ್ರಂಥದ ಕೊನೆಯಲ್ಲಿ ಬೇಡಿಕೊಳ್ಳುವುದನ್ನು ಹಸ್ತಪ್ರತಿ ನೋಡಿದವರೆಲ್ಲ ಬಲ್ಲರು. ಸಡಿಲವಾದ ಕಟ್ಟಿನಿಂದ ಗರಿಗಳಿಗಷ್ಟೇ ಹಾನಿಯೆಂದು ನಾನು ಆಗ ತಿಳಿದಿದ್ದೆ.

ಮಾರ್ಗಶಿರದ ಆರಂಭದಲ್ಲಿ ಹೊರಡುವುದೆಂದು ನಿಶ್ಚಯವಾಯಿತು. ಸಿದ್ಧತೆಯನ್ನು ಅಳಿಯನೂ ನಾನೂ ಹಂಚಿಕೊಂಡೆವು. ನನಗೆ ಕುರ್ಚಿಯಲ್ಲಿ ಬಹುಹೊತ್ತು ಕುಳಿತು ಬರೆಯುವ ರೂಢಿಯಿಲ್ಲ. ಆದುದರಿಂದ ನಮ್ಮ ಓಣಿಯ ಬಡಿಗರಿಂದ ಸಾಗವಾನಿಯ ಒಂದು ಮಣೆ ಮಾಡಿಸಿದೆ. ಹನ್ನೊಂದು ಅಂಗುಲ ಎತ್ತರ. ಕಾಲುಗಳಿಗೆ ಬಿಜಾಗರಿ ಹಚ್ಚಿದ್ದರಿಂದ ಮಡಿಸಿದರೆ ಹಲಗೆಯಂತೆ ಚೀಲದಲ್ಲಿ ಕೂರುತ್ತದೆ. ಅದರ ಮೇಲೆ ಲ್ಯಾಪ್‌ಟಾಪನ್ನು ಹಾಗೆಯೇ ಇಟ್ಟರೆ ಕತ್ತು ಬಗ್ಗಿಸಿ ನೋಡಬೇಕಾಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು, ಕೈಗಳು ಮೊಣಕೈಯ ಮಟ್ಟದಲ್ಲಿರಬೇಕು. ಈ ಎರಡೂ ಒಂದೇ ಯಂತ್ರದಿಂದ ಸಾಧ್ಯವಿಲ್ಲವೆಂದು ಅಳಿಯ ಒಂದು ಬೇರೆ ಕೀಲಿಮಣೆಯನ್ನು ತಂದುಕೊಟ್ಟ. ಲ್ಯಾಪ್‌ಟಾಪನ್ನು ಒಂದು ಪೆಟ್ಟಿಗೆಯ ಮೇಲೇರಿಸಿ, ಕೀಲಿಮಣೆಯನ್ನು ಮಣೆಯ ಮೇಲಿಟ್ಟು, ಪಕ್ಕದ ವ್ಯಾಸಪೀಠದಲ್ಲಿ ಮೂಲಪ್ರತಿಯ ನಕಲನ್ನು ತೆರೆದಿಟ್ಟೆ. ಹಳೆಯ ವಿದ್ಯಾರ್ಥಿಯ ಜಾಗ ಮತ್ತೆ ಸಿದ್ಧವಾಯಿತು.

ವಿದ್ಯುತ್ತಿನ ವಿಚಾರ ಇನ್ನೊಂದು. ಮೊಬೈಲಿಗೆಂದು ಕೊಂಡ ಸಣ್ಣ ಪವರ್ ಬ್ಯಾಂಕು ಲ್ಯಾಪ್‌ಟಾಪಿಗೆ ಆಗಿಬರುವುದಿಲ್ಲ. ಅದಕ್ಕೆ 65 ವ್ಯಾಟ್‌ನಷ್ಟು ಹೊರಹರಿವುಳ್ಳದ್ದು ಬೇಕು. 20,000 ಮಿಲಿ ಆಂಪಿಯರ್-ಅವರ್ ಎಂದು ಬರೆದಿರುವ ಬ್ಯಾಂಕಿನಲ್ಲಿ ತುಂಬಿರುವುದು ಸುಮಾರು 74 ವ್ಯಾಟ್-ಅವರ್. ಸೋರಿಕೆಯನ್ನು ಕಳೆದರೆ ಸಾಧಾರಣ ಲ್ಯಾಪ್‌ಟಾಪನ್ನು ಹೆಚ್ಚುಕಡಿಮೆ ಒಂದು ಸಲ ತುಂಬಬಲ್ಲದು. ಜೊತೆಗೆ ಒಂದು ಎಕ್ಸ್‌ಟೆನ್ಶನ್ ಬೋರ್ಡು, ಬೇರೆ ಬೇರೆ ಕಂಪನಿಗಳ ಎರಡು ಸಿಮ್ಮು. ಒಂದಕ್ಕೆ ಸಿಗ್ನಲ್ ಇಲ್ಲದ ಊರಿನಲ್ಲಿ ಇನ್ನೊಂದಕ್ಕೆ ಇರಬಹುದೆಂಬುದು ಲೆಕ್ಕ. ಇಷ್ಟೆಲ್ಲ ಒಂದು ಚೀಲದಲ್ಲಿ ಸೇರಿತು. ಅಕ್ಕನ ಗಂಟು ಅದಕ್ಕಿಂತ ಚಿಕ್ಕದಾಗಿತ್ತು: ಎರಡು ಇಳಕಲ್ ಸೀರೆ, ವಿಭೂತಿ, ಔಷಧಿಯ ಡಬ್ಬಿ, ರೊಟ್ಟಿ, ಶೇಂಗಾ ಚಟ್ನಿ.

ಹುಬ್ಬಳ್ಳಿಯಿಂದ ಗದಗಿನ ಮೇಲೆ ಹಾಯ್ದು ರೈಲು ಬಾದಾಮಿಗೆ ಬರುತ್ತದೆ. ಕಪ್ಪು ಎರೆಭೂಮಿ ಹಿಂದೆ ಸರಿದು ಕೆಂಪು ಕಲ್ಲಿನ ಗುಡ್ಡಗಳು ಕಾಣತೊಡಗಿದಾಗ ಅಕ್ಕ ಕಿಟಕಿಯನ್ನು ಬಿಟ್ಟು ಕದಲಲಿಲ್ಲ. ರೈಲಿನಲ್ಲಿ ಕೆಲಸ ಮಾಡಬೇಡಿರೆಂದು ಅಳಿಯ ಮೊದಲೇ ಹೇಳಿದ್ದ. ಅಲುಗುವ ಪರದೆಯನ್ನು ನೋಡಿದರೆ ತಲೆನೋವು ಬರುತ್ತದೆ, ಸಿಗ್ನಲ್ಲೂ ಊರಿಂದೂರಿಗೆ ಕಡಿದುಹೋಗುತ್ತದೆ. ನಾನು ಕಾಗದದ ಮೇಲಿನ ನಾಲ್ಕು ಪುಟಗಳನ್ನು ಮಾತ್ರ ಓದಿದೆ.

ಬಾದಾಮಿಯಲ್ಲಿ ಊರೊಳಗಿನ ಒಂದು ವಸತಿಗೃಹದಲ್ಲಿ ಇಳಿದೆವು. ಕೋಣೆ ಚೊಕ್ಕಟವಾಗಿತ್ತು; ಗೋಡೆಯ ಸಾಕೆಟ್ಟು ಮಾತ್ರ ಸಡಿಲ. ಪ್ಲಗ್ಗನ್ನು ಒತ್ತಿ ಹಿಡಿದರೆ ಉಂಟು, ಬಿಟ್ಟರೆ ಇಲ್ಲ. ಸಡಿಲವಾದ ಕಟ್ಟಿನ ಮಾತು ಇಲ್ಲಿಯೂ ಸಲ್ಲುತ್ತದಲ್ಲ ಎಂದು ನಕ್ಕು, ಸ್ನಾನದ ಮನೆಯ ಹೊರಗಿದ್ದ ಇನ್ನೊಂದು ಸಾಕೆಟ್ಟಿಗೆ ನಮ್ಮ ಬೋರ್ಡನ್ನು ಜೋಡಿಸಿಕೊಂಡೆವು. ಬೆಳಗಿನ ಐದರಿಂದ ಎಂಟರವರೆಗೆ ಮೂರು ಗಂಟೆಗಳ ಕಾಲ ಕುಳಿತೆ. ಮನೆಯಲ್ಲಿ ಇಡೀ ದಿನ ಕುಳಿತರೂ ಆಗದಷ್ಟು ಪುಟಗಳು ತಿದ್ದಿ ಮುಗಿದವು. ಮನೆಯಲ್ಲಿ ಹತ್ತು ಕಪಾಟುಗಳಿವೆ, ಒಂದು ಶಬ್ದಕ್ಕಾಗಿ ಎದ್ದವನು ಇನ್ನೊಂದು ಗ್ರಂಥದಲ್ಲಿ ಮುಳುಗುತ್ತೇನೆ. ಇಲ್ಲಿ ಬೇಕಾದುದಷ್ಟೇ ಇತ್ತು.

ಒಂದು ತೊಡಕು ಮಾತ್ರ ಬಂದಿತು. ಮುದ್ರಣಾಲಯದವರು ಕಳಿಸಿದ ಒಂದು ಅಧ್ಯಾಯ ನನ್ನ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೆರೆದುಕೊಂಡಿತು. ಹಳೆಯ ಬಗೆಯ ಕನ್ನಡ ಫಾಂಟಿನಲ್ಲಿ ಜೋಡಿಸಿದ ಕಡತ, ಆ ಫಾಂಟಿಲ್ಲದ ಗಣಕದಲ್ಲಿ ಹೀಗೆಯೇ ಕಾಣಿಸುತ್ತದೆ. ಯೂನಿಕೋಡಿನಲ್ಲಿ ಬರೆದುದಕ್ಕೆ ಈ ಬಾಧೆಯಿಲ್ಲ. ಅದು ಎಲ್ಲಿ ತೆರೆದರೂ ಕನ್ನಡವೇ. ಅಧ್ಯಾಯವನ್ನು ಪಿ.ಡಿ.ಎಫ್. ರೂಪದಲ್ಲಿ ತರಿಸಿಕೊಂಡು ತಿದ್ದಿದೆ. ಹೊರಡುವ ಮೊದಲೇ ಎಲ್ಲ ಕಡತಗಳನ್ನೂ ಒಮ್ಮೆ ತೆರೆದು ನೋಡಿ, ಯಂತ್ರದೊಳಗೇ ಒಂದು ಪ್ರತಿ ಇಟ್ಟುಕೊಂಡಿದ್ದರೆ ಆ ಒಂದು ಗಂಟೆ ಉಳಿಯುತ್ತಿತ್ತು.

ಎಂಟಕ್ಕೆ ಮಣೆ ಮಡಿಸಿ ಮೂವರೂ ಹೊರಟೆವು. ಅಕ್ಕನ ಮೊಣಕಾಲಿಗೆ ಮೇಲಿನ ಗುಹೆಗಳು ಎಟುಕಲಿಲ್ಲ; ಮೊದಲನೆಯ ಗುಹೆಯ ನಟರಾಜನನ್ನು ಕಂಡು ಅಲ್ಲಿಯೇ ಕುಳಿತಳು. ನಾನು ಮೂರನೆಯ ಗುಹೆಯವರೆಗೆ ಏರಿದೆ. ಅದು ಮಂಗಳೇಶ ಮಾಡಿಸಿದ್ದು. ಅಲ್ಲಿಯ ಶಾಸನದ ಕಾಲ ಕ್ರಿ. ಶ. 578. ಕೋಟೆಯ ಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಶಾಸನ ಅದಕ್ಕೂ ಹಿಂದಿನದು, 543ರದು. ಕಲ್ಲಿನಲ್ಲಿ ಬರೆಯುವವನು ಕಲ್ಲಿದ್ದಲ್ಲಿಗೆ ಹೋಗಬೇಕು, ಕಲ್ಲಿನ ಮುಂದೆಯೇ ನಿಲ್ಲಬೇಕು. ಅದನ್ನು ಓದುವವನಿಗೂ ಅದೇ ಗತಿಯಾಗಿತ್ತು. ಆಮೇಲೆ ಫ್ಲೀಟ್ ಮೊದಲಾದ ವಿದ್ವಾಂಸರ ಕಾಲದಲ್ಲಿ, ತೇವಗೊಳಿಸಿದ ಕಾಗದವನ್ನು ಅಕ್ಷರಗಳ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವ ಕ್ರಮ ಬಳಕೆಗೆ ಬಂದಿತು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಆತ 1883ರಲ್ಲಿ ಭಾರತ ಸರಕಾರದ ಶಾಸನತಜ್ಞನಾಗಿ ನೇಮಕಗೊಂಡ. ಬಂಡೆ ಅಲ್ಲಿಯೇ ಉಳಿಯಿತು, ಅಕ್ಷರಗಳು ಸುರುಳಿಯಾಗಿ ಚೀಲ ಸೇರಿದವು. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಛಾಯಾಚಿತ್ರಗಳೂ ಆ ಸುರುಳಿಗಳ ವಂಶದವೇ.

ಮರುದಿನ ಬಾಡಿಗೆಯ ಕಾರಿನಲ್ಲಿ ಪಟ್ಟದಕಲ್ಲಿಗೆ ಹೋದೆವು. ಯುನೆಸ್ಕೊ 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ತಾಣವಿದು. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮುಂದೆ ಅಕ್ಕ ಬಹಳ ಹೊತ್ತು ನಿಂತಳು. ಅದನ್ನು ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರನ್ನು ಅಲ್ಲಿಯ ಶಾಸನ ಉಳಿಸಿಕೊಂಡಿದೆ ಎಂದು ಹೇಳಿದಾಗ, “ಕೆಲಸ ಮಾಡಿದವನ ಹೆಸರೂ ಬರದಾರಲ್ಲ, ಚಲೋ ಮಾಡ್ಯಾರ” ಎಂದಳು. ಐಹೊಳೆಯಲ್ಲಿ ದುರ್ಗಗುಡಿಯನ್ನು ಮಾತ್ರ ಕಂಡು, ಅಮೀನಗಡದಲ್ಲಿ ಕರದಂಟು ಕೊಂಡು, ಇಳಿಹೊತ್ತಿಗೆ ಕೂಡಲಸಂಗಮವನ್ನು ಮುಟ್ಟಿದೆವು.

ಕೃಷ್ಣೆಯೂ ಮಲಪ್ರಭೆಯೂ ಸೇರುವ ಆ ಸ್ಥಳವನ್ನು ಓದುಗರಲ್ಲಿ ಬಹುಮಂದಿ ಕಂಡವರೇ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಏರಿ ಬಂದುದರಿಂದ, ಐಕ್ಯಮಂಟಪವನ್ನು ನೀರಿನಿಂದ ಕಾಪಾಡಲು ಸುತ್ತಲೂ ಬಾವಿಯಂಥ ಗೋಡೆ ಕಟ್ಟಿದ್ದಾರೆ. ಮೇಲಿನಿಂದ ಮೆಟ್ಟಿಲುಗಳನ್ನಿಳಿದು ಕೆಳಗೆ ಹೋಗಬೇಕು. ಸಂಜೆ ಮುಖ ತೊಳೆದು ಮೂವರೂ ಕೂಡಿ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ಮುದ್ರಣಾಲಯದಿಂದ ಕರೆ ಬಂದಿತು: ಪಾಠಾಂತರಗಳ ಕೊನೆಯ ಹದಿನಾರು ಪುಟಗಳು ಅಂದು ರಾತ್ರಿಯೇ ಬೇಕು. ಅಳಿಯನಿಗೂ ಆಗಲೇ ಒಂದು ವಿಡಿಯೊ ಸಭೆ. “ಅರ್ಧ ತಾಸು, ಅಕ್ಕಾ” ಎಂದೆ. ಕೋಣೆಯೊಳಗೆ ಸಿಗ್ನಲ್ ಕ್ಷೀಣವಾಗಿದ್ದುದರಿಂದ ಜಗಲಿಯಲ್ಲಿ ಮಣೆ ಹಾಕಿ, ನನ್ನ ಮೊಬೈಲಿನಿಂದಲೇ ಹಾಟ್‌ಸ್ಪಾಟ್ ತೆರೆದು, ನಡುವೆ ಯಾರ ಕರೆಯೂ ಬಾಧಿಸದಿರಲೆಂದು ಅದರ ಸದ್ದನ್ನು ಅಡಗಿಸಿದೆ. ಅಳಿಯ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡ. ಅರ್ಧ ತಾಸು ಎರಡು ತಾಸಾಯಿತು. ನಾನು ತಲೆಯೆತ್ತಿದಾಗ ಕತ್ತಲಾಗಿತ್ತು. ಅಕ್ಕ ಕುಳಿತಿದ್ದ ಚಾಪೆ ಬರಿದಾಗಿತ್ತು. ಮೊಬೈಲಿನಲ್ಲಿ ಆಕೆಯ ಮೂರು ಕರೆಗಳಿದ್ದವು.

ಓಡುತ್ತ ಹೋದೆವು. ಎದುರಿಗೆ ಇಬ್ಬರು ಹುಡುಗಿಯರ ಭುಜ ಹಿಡಿದು ಆಕೆ ನಿಧಾನವಾಗಿ ಬರುತ್ತಿದ್ದಳು. ಪಕ್ಕದ ಕೋಣೆಯ ಹೆಣ್ಣುಮಕ್ಕಳು ಹೊರಟಾಗ ಅವರೊಡನೆ ಹೋಗಿ ಮೆಟ್ಟಿಲಿಳಿದಳಂತೆ. ದರ್ಶನವಾಯಿತು. ಏರುವಾಗ ಅರ್ಧಕ್ಕೆ ಮೊಣಕಾಲು ಸೋತಿತು. ಜೊತೆಯವರು ಮುಂದೆ ಹೋಗಿದ್ದರು. ಮೆಟ್ಟಿಲ ಮೇಲೆ ಕುಳಿತು ನಮಗೆ ಕರೆ ಮಾಡಿದಳು. “ಮೂರು ಸರ್ತಿ ಫೋನ್ ಹಚ್ಚಿದ್ನಿ, ತಮ್ಮಾ. ಕೆಲಸದಾಗ ಇರಬೇಕು ಅಂತ ಸುಮ್ಮನ ಕುಂತ್ನಿ” ಎಂದಳು. ಅಷ್ಟೇ. ಆ ಹುಡುಗಿಯರಿಗೆ ಕರದಂಟು ಕೊಡಲು ನನಗೆ ಹೇಳಿ ಮಲಗಿಬಿಟ್ಟಳು.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಯಾರ ಸಲುವಾಗಿ ಈ ಮಣೆಯನ್ನು ಮಾಡಿಸಿದೆನೋ ಆಕೆಯೇ ಕತ್ತಲಲ್ಲಿ ಕಲ್ಲಿನ ಮೇಲೆ ಒಬ್ಬಳೇ ಕುಳಿತಿದ್ದಳು. ಮಣೆಯದು ತಪ್ಪಲ್ಲ, ಅದು ನನ್ನನ್ನು ಅಲ್ಲಿಯವರೆಗೆ ತಂದಿತ್ತು. ಬಿಚ್ಚಿದ ಕಟ್ಟನ್ನು ಹೊತ್ತಿಗೆ ಸರಿಯಾಗಿ ಕಟ್ಟದವನು ನಾನು. ಪೂಜ್ಯರು ಐವತ್ತು ವರ್ಷಗಳ ಹಿಂದೆ ಕಲಿಸಿದ ಪಾಠದ ಎರಡನೆಯ ಅರ್ಧ ನನಗೆ ಅಂದು ತಿಳಿಯಿತು. ಕಟ್ಟು ಸಡಿಲವಾದರೆ ಕೆಡುವುದು ಗರಿಗಳಷ್ಟೇ ಅಲ್ಲ. ಕೆಲಸ ತನ್ನ ಎಲ್ಲೆಯನ್ನು ಮೀರಿ ಹರಿದು, ಪಕ್ಕದಲ್ಲಿ ಕುಳಿತವರನ್ನು ಕಾಣದಂತೆ ಮಾಡುತ್ತದೆ. ಮನೆಯಲ್ಲಿ ಕಚೇರಿಗೆ ಬಾಗಿಲುಂಟು. ಹೊತ್ತು ತಿರುಗುವ ಕಚೇರಿಗೆ ಬಾಗಿಲನ್ನು ನಾವೇ ಹಾಕಬೇಕು.

ಇನ್ನೊಂದು ಸಂಗತಿಯನ್ನೂ ಮರೆಮಾಚದೆ ಹೇಳುತ್ತೇನೆ. ಅಂದು ಅವಸರದಲ್ಲಿ ತಿದ್ದಿ ಕಳಿಸಿದ ಹದಿನಾರು ಪುಟಗಳನ್ನು ಊರಿಗೆ ಬಂದ ಮೇಲೆ ಮತ್ತೆ ನೋಡಿದೆ. ಎರಡು ಕಡೆ ಸರಿಯಾದ ಪಾಠವನ್ನೇ ಹೊಡೆದುಹಾಕಿದ್ದೆ. ಮುದ್ರಣಾಲಯದವರು ಅಚ್ಚಿಗೆ ಕೊಡುವುದು ಎಂಟು ದಿನ ತಡವಾಗಿದ್ದುದರಿಂದ ಉಳಿದುಕೊಂಡೆ. ಆ ರಾತ್ರಿಯೇ ಬೇಕೆಂದ ಪುಟಗಳು ಆ ರಾತ್ರಿಯೇ ಬೇಕಾಗಿರಲಿಲ್ಲ.

ಮರುದಿನ ನಸುಕಿನಲ್ಲಿ ಅಕ್ಕ ಎಚ್ಚರಾಗುವ ಮುನ್ನ ಯಂತ್ರ, ತಂತಿ, ಕೀಲಿಮಣೆಗಳನ್ನೆಲ್ಲ ಚೀಲಕ್ಕೆ ಹಾಕಿ, ಮಣೆಯನ್ನು ಮಡಿಸಿ ದಾರ ಬಿಗಿದೆ. ಮೂವರೂ ಸಂಗಮೇಶ್ವರನ ಗುಡಿಗೆ ಹೋದೆವು. ಅಲ್ಲಿಂದ ಐಕ್ಯಮಂಟಪಕ್ಕೆ. ಇನ್ನೊಮ್ಮೆ ಇಳಿಯುವುದು ಬೇಡವೆಂದು ನಾವು ಹೇಳಿದರೂ ಆಕೆ ಕೇಳಲಿಲ್ಲ. ಒಂದು ಕೈ ನಾನು, ಒಂದು ಕೈ ಮಗ. ಹತ್ತು ಮೆಟ್ಟಿಲಿಗೊಮ್ಮೆ ನಿಂತು, ದಣಿವಾರಿಸಿಕೊಂಡು ಇಳಿದೆವು. ಕೆಳಗೆ ಆ ಹೊತ್ತಿನಲ್ಲಿ ಜನರಿರಲಿಲ್ಲ. ಆಕೆ ಕಣ್ಣು ಮುಚ್ಚಿ ಕುಳಿತಳು, ನಾವೂ ಕುಳಿತೆವು. ಎಷ್ಟು ಹೊತ್ತೆಂದು ನಾನು ನೋಡಲಿಲ್ಲ. ಏರಿ ಬಂದ ಮೇಲೆ ನದಿಯ ದಡದಲ್ಲಿ ಉಳಿದ ರೊಟ್ಟಿಯನ್ನು ಹಂಚಿ ತಿಂದೆವು.

ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಇಂದು ಮಗನೋ ಸೊಸೆಯೋ ಮಗಳೋ ಇಂಥ ಕೆಲಸದಲ್ಲಿದ್ದಾರೆ. ರಜೆ ಸಿಗುವುದಿಲ್ಲವೆಂದು ಜಾತ್ರೆ, ಮದುವೆ, ಹಿರಿಯರ ಕಾಯಿಲೆಗಳಿಗೆ ಬಾರದೆ ನೊಂದುಕೊಳ್ಳುವವರಿದ್ದಾರೆ. ಅಂಥವರಿಗೆ ನನ್ನ ಅನುಭವದಿಂದ ಕೆಲವು ಮಾತು. ಕೆಲಸವನ್ನು ಹೊತ್ತುಕೊಂಡಾದರೂ ಬನ್ನಿರಿ. ಬಾರದಿರುವುದಕ್ಕಿಂತ ಅದು ಮೇಲು. ಬರುವ ಮೊದಲು ಕೆಲಸದ ಹೊತ್ತನ್ನು ಮನೆಯವರಿಗೂ ಕಂಪನಿಗೂ ತಿಳಿಸಿರಿ. ನಾವು ಈಗ ಮುಂಜಾನೆ ಐದರಿಂದ ಎಂಟು, ಮಧ್ಯಾಹ್ನ ಅಕ್ಕ ಮಲಗಿದಾಗ ಎರಡು ತಾಸು ಎಂದು ಗೊತ್ತುಮಾಡಿಕೊಂಡಿದ್ದೇವೆ. ಹಾಟ್‌ಸ್ಪಾಟಿಗೆ ಒಂದು ಮೊಬೈಲು, ಮನೆಯವರ ಕರೆಗೆ ಇನ್ನೊಂದು; ಎರಡನೆಯದರ ಸದ್ದನ್ನು ಎಂದೂ ಅಡಗಿಸಕೂಡದು. ಒಂದೇ ಮೊಬೈಲಿದ್ದರೆ, ಮನೆಯವರ ಹೆಸರುಗಳಿಗೆ ಮಾತ್ರ ಸದ್ದು ಬರುವಂತೆ ಮಾಡುವ ಸೌಕರ್ಯ ಅದರಲ್ಲಿಯೇ ಇರುತ್ತದೆ. ಎಲ್ಲರಿಗೂ ತೆರೆದಿಟ್ಟ ವೈಫೈಯಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ಚಹದ ಲೋಟ, ನೀರಿನ ತಂಬಿಗೆಗಳನ್ನು ಮಣೆಯಿಂದ ದೂರವಿಡಿರಿ; ಎಣ್ಣೆ, ನೀರುಗಳ ಭಯ ತಾಡೋಲೆಗೆ ಇದ್ದಷ್ಟೇ ಈ ಯಂತ್ರಕ್ಕೂ ಇದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಪರದೆಯಿಂದ ಕಣ್ಣು ತೆಗೆದು ದೂರಕ್ಕೆ ನೋಡಿರೆಂದು ವೈದ್ಯರು ಹೇಳುತ್ತಾರೆ. ಆಗ ಪಕ್ಕದಲ್ಲಿ ಕುಳಿತವರನ್ನೂ ಒಮ್ಮೆ ನೋಡಿರಿ.

ಗ್ರಂಥ ಈಗ ಅಚ್ಚಿನಲ್ಲಿದೆ. ಮಣೆ ನನ್ನ ಕೋಣೆಯ ಮೂಲೆಯಲ್ಲಿ ಮಡಿಸಿ ನಿಂತಿದೆ. ಮೊನ್ನೆ ಅಕ್ಕ ಬಂದಾಗ ಅದನ್ನು ಮುಟ್ಟಿ ನೋಡಿ, “ಇದನ್ನ ಹೊತಗೊಂಡು ಶ್ರೀಶೈಲಕ್ಕ ಯಾವಾಗ, ತಮ್ಮಾ?” ಎಂದು ಕೇಳಿದಳು. ಕೆಲಸ ಮುಗಿಯಲೆಂದು ನಾನು ಈ ಸಲ ಹೇಳಲಿಲ್ಲ. ದಿನ ನೋಡಿ ಟಿಕೆಟು ತೆಗೆಸಿದ್ದೇನೆ.